ಆಯುಧಪೂಜೆಯ ಭಾಷಣಕ್ಕೆ ಹಿಡಿದ ಸೊಲ್ಲು

ಶಾಲೆಯ ಕೆಲಸವನ್ನು ಬಿಟ್ಟ ಮೇಲೆ ನಾನು ಪೀಣ್ಯದ ಒಂದು ಕಾರ್ಖಾನೆಯ ಅಧಿಕಾರಿಗಳಿಗೆ ವಾರಕ್ಕೊಮ್ಮೆ ಭಾಷಣಕಲೆಯನ್ನು ಕಲಿಸುತ್ತಿದ್ದೆ. ಪಾಠಕ್ಕೆ ಆರಿಸಿಕೊಂಡದ್ದು, ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳಿಗಾಗಿ ಅವರ ನಾಯಕರೊಬ್ಬರು ರಾಜಧಾನಿಯಲ್ಲಿ ಜನಸಾಗರದ ಮುಂದೆ ಮಾಡಿದ, ಕನಸಿನ ಮಾತಿಗಾಗಿ ಜಗತ್ತೇ ಬಲ್ಲ ಭಾಷಣವನ್ನು. ಒಂದೇ ನುಡಿಯನ್ನು ಪ್ರತಿ ವಾಕ್ಯದ ಮೊದಲಲ್ಲಿಟ್ಟು ಮಾತನ್ನು ಏರಿಸುತ್ತ ಹೋಗುವ ಕ್ರಮವನ್ನು ಬಿಡಿಸಿ ತೋರಿಸಿದೆ. ಬೆಟ್ಟಗಳನ್ನೂ ಪ್ರಾಂತ್ಯಗಳನ್ನೂ ಹೆಸರು ಹಿಡಿದು ಕರೆದು, ಕೇಳುವವನ ಊರನ್ನೇ ಮಾತಿನೊಳಗೆ ಸೇರಿಸಿಕೊಳ್ಳುವ ಜಾಣ್ಮೆಯನ್ನು ವಿವರಿಸಿದೆ. ಹಾಗೆ ಮಾತಾಡಬೇಕಾಗಿ ಬಂದದ್ದು ಏತಕ್ಕೆ ಎಂಬುದನ್ನೂ ಹೇಳಿದೆ: ಬಿಳಿಯರು ಉಣ್ಣುವ ಎಷ್ಟೋ ಹೋಟೆಲುಗಳಲ್ಲಿ ಕಪ್ಪು ಜನ ಕೂರುವಂತಿರಲಿಲ್ಲ. ಆ ಭಾಗ ಬಂದಾಗ ಸಿಬ್ಬಂದಿ ವಿಭಾಗದ ಮ್ಯಾನೇಜರನು ಫೋನು ನೋಡುತ್ತಿದ್ದ.

"ಹಿಸ್ಟರಿ ಸಾಕು ಮೇಡಂ," ಎಂದ. "ಆ ರಿಪೀಟ್ ಮಾಡ್ತಾರಲ್ಲ, ಅದು ಸಕ್ಕತ್ತಾಗಿದೆ. ಆಯುಧಪೂಜೆ ಸ್ಪೀಚಿಗೆ ನಂಗೂ ಒಂದು ಹಂಗೇ ಹಾಕ್ಕೊಡಿ."

ನಾನು ಹಾಕಿಕೊಡಲಿಲ್ಲ. ಆತನೇ ಬರೆದುಕೊಂಡ.

ಆ ಕಾರ್ಖಾನೆಯಲ್ಲಿ ಕಾಯಂ ನೌಕರರು ಕ್ಯಾಂಟೀನಿನ ಹಾಲಿನಲ್ಲಿ, ಮೇಜಿನ ಮೇಲೆ ತಟ್ಟೆಯಿಟ್ಟುಕೊಂಡು ಉಣ್ಣುತ್ತಿದ್ದರು. ಗುತ್ತಿಗೆಯ ಹೆಂಗಸರು, ಉತ್ತರ ಕರ್ನಾಟಕದಿಂದ ಬಂದು ದಾಸರಹಳ್ಳಿಯ ಬಾಡಿಗೆ ಕೋಣೆಗಳಲ್ಲಿ ಇದ್ದವರು, ಸೈಕಲ್ ಸ್ಟ್ಯಾಂಡಿನ ತಗಡಿನ ಕೆಳಗೆ ನೆಲದ ಮೇಲೆ ಬುತ್ತಿ ಬಿಚ್ಚುತ್ತಿದ್ದರು. ಒಳಗೆ ಬರಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಬಾಗಿಲಲ್ಲಿ ಸೆಕ್ಯೂರಿಟಿಯವನು ನಿಂತಿರುತ್ತಿದ್ದ, ಅಷ್ಟೆ. ವರ್ಷದಲ್ಲಿ ಆಯುಧಪೂಜೆಯ ದಿನ ಮಾತ್ರ, ಯಂತ್ರಗಳಿಗೆ ಕುಂಕುಮವಿಟ್ಟು ಕುಂಬಳಕಾಯಿ ಒಡೆದ ಮೇಲೆ, ಎಲ್ಲರಿಗೂ ಹಾಲಿನಲ್ಲಿಯೇ ಎಲೆ ಹಾಕುತ್ತಿದ್ದರು.

ಆ ದಿನ ನನ್ನನ್ನೂ ಕರೆದಿದ್ದರು. ಊಟಕ್ಕೆ ಮುಂಚೆ ಮ್ಯಾನೇಜರನು ಮೈಕು ಹಿಡಿದ. "ನಾವೆಲ್ಲ ಒಂದೇ ಮನೆಯವರು, ಕೊಪ್ಪಳದಿಂದ ಬಂದಿದ್ದರೂ! ನಾವೆಲ್ಲ ಒಂದೇ ಮನೆಯವರು, ರಾಯಚೂರಿನಿಂದ ಬಂದಿದ್ದರೂ!" ನಾನು ಕಲಿಸಿದ್ದೆಲ್ಲವೂ ಅದರಲ್ಲಿತ್ತು, ಯಾವುದಕ್ಕಾಗಿ ಕಲಿಸಿದೆನೋ ಅದೊಂದು ಇರಲಿಲ್ಲ. ನನಗೆ ಮೈ ಉರಿಯಿತು.

ಚಪ್ಪಾಳೆಗೆಂದು ಆತ ಪ್ರತಿ ಸಲವೂ ತಡೆದು ನಿಲ್ಲುತ್ತಿದ್ದ. ಅಲ್ಲಿಯೇ ಎಡವಿದ. ಆ ಹೆಂಗಸರ ಊರಿನ ಭಜನೆಯಲ್ಲಿ ಮುಂದೆ ಕುಳಿತವನು ಸೊಲ್ಲು ಹೇಳಿ ನಿಲ್ಲಿಸಿದರೆ, ಹಿಂದಿನವರು ಅದನ್ನು ಎತ್ತಿಕೊಳ್ಳಲೇಬೇಕು. ಸುಮ್ಮನಿದ್ದರೆ ಹಾಡುವವನಿಗೆ ಅವಮಾನ. ಮೂರನೆಯ ಸಲಕ್ಕೆ ಹೆಂಗಸರೆಲ್ಲ ಸೊಲ್ಲು ಹಿಡಿದರು: "ಒಂದ ಮನಿಯವ್ರು!" ಆತ ಉಬ್ಬಿಹೋದ. ದನಿ ಏರಿಸಿದ. ಅವರೂ ಏರಿಸಿದರು. ಕೊಪ್ಪಳದ ಕಡೆಯ ಹಿರಿಯ ಹೆಂಗಸೊಬ್ಬಳು ನಡುವೆಯೇ ಎದ್ದು ಕೂಗಿದಳು: "ಹಂಗಂದ್ರ ಇನ್ಮ್ಯಾಲೆ ದಿನಾ ಇಲ್ಲೇ ಉಣ್ಣೂದೇನ್ರಿ ಸರ?"

"ಹೌದಮ್ಮಾ! ಒಂದೇ ಮನೆ, ಒಂದೇ ಪಂಕ್ತಿ!" ಎಂದುಬಿಟ್ಟ.

ಕಾಯಂ ನೌಕರರು ಚಪ್ಪಾಳೆ ತಟ್ಟಲಿಲ್ಲ.

ರಜೆ ಮುಗಿದ ದಿನ ನನ್ನ ತರಗತಿಯಿತ್ತು. ಮಧ್ಯಾಹ್ನ ಹೆಂಗಸರು ಬುತ್ತಿ ಹಿಡಿದು ಹಾಲಿನತ್ತ ಬಂದರು.

"ಅಕ್ಕಾ, ಎಲ್ಲಿಗೆ?" ಎಂದ ಸೆಕ್ಯೂರಿಟಿಯವನು.

"ನಮ್ಮ ಮನಿಗೆ, ತಮ್ಮಾ," ಎಂದು ಹಿರಿಯಳು ಅವನನ್ನು ದಾಟಿ ಹೋಗಿ ಮೇಜಿನ ಮುಂದೆ ಕುಳಿತಳು. ಉಳಿದವರೂ ಕುಳಿತರು.

"ಏನ್ ಗುರು ಇದು, ಒಂದಿನ ಎಲೆ ಹಾಕಿದ್ಕೆ ದಿನಾ ಬಂದ್ಬಿಡೋದಾ?" ಎಂದು ಕಾಯಂ ನೌಕರನೊಬ್ಬ ತಟ್ಟೆ ಕುಕ್ಕಿದ.

"ನಿನ್ನ ಸಾರು ಯಾರೂ ಕೇಳಿಲ್ಲಪಾ. ಬುತ್ತಿ ನಮ್ದ ಐತಿ. ಸರದು ಕುಂಡ್ರು," ಎಂದಳು ಹಿರಿಯಳು.

ಮ್ಯಾನೇಜರನು ಓಡಿಬಂದ. ತರಗತಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನನ್ನು ಕರೆಸಿ, ಎಲ್ಲರೆದುರು ನಿಲ್ಲಿಸಿದ. "ನೀವೇ ಕಲಿಸಿದ್ದು ಮೇಡಂ, ನೀವೇ ಬಿಡಿಸಿ ಹೇಳಿ. ಅದು ಸ್ಪೀಚಿಗೆ ಹೇಳೋ ಮಾತು, ಸೀರಿಯಸ್ಸಾಗಿ ತಗೋಬಾರ್ದು ಅಂತ."

"ಆಡಿದವರು ನೀವು. ಸುಳ್ಳಾಗಿದ್ದರೆ ನೀವೇ ಹೇಳಿ."

"ನೀವು ಯಾರ ಕಡೆ?"

"ಇವರ ಕಡೆ."

ಹಿರಿಯಳು ಡಬ್ಬಿಯ ಮುಚ್ಚಳ ತೆಗೆಯುತ್ತಲೇ ಹೇಳಿದಳು: "ಒಂದ ಮನಿಯವ್ರು ಅಲ್ಲಂತ ಒಮ್ಮೆ ಮೈಕಿನ್ಯಾಗ ಅನ್ನರಿ ಸರ. ಎದ್ದು ಹೊರಗ ಹೋಗ್ತೀವಿ."

ಅದನ್ನು ಹೇಳುವ ಎದೆಗಾರಿಕೆ ಆತನಿಗಿರಲಿಲ್ಲ. ಕೊನೆಗೆ, "ಕಾಯಂನೋರು ಮುಗಿಸ್ಲಿ, ಆಮೇಲೆ ಸೆಕೆಂಡ್ ಬ್ಯಾಚಲ್ಲಿ ನೀವು ಕೂತ್ಕೊಳ್ಳಿ," ಎಂದ. ಪಂಕ್ತಿಭೇದಕ್ಕೆ ಅದಕ್ಕಿಂತ ಹೇಡಿತನದ ಹೆಸರನ್ನು ನಾನು ಕೇಳಿಲ್ಲ. ಅಂದು ಸಂಜೆಯೇ ಗೇಟಿನಲ್ಲಿ ನನ್ನ ಪಾಸನ್ನು ಕಿತ್ತುಕೊಂಡರು. ಆತನ ಮೇಲಿನ ಸಿಟ್ಟು ನನಗೆ ಈ ಹೊತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಎಷ್ಟೋ ದಿನಗಳ ಮೇಲೆ ಆ ಹಿರಿಯಳು ದಾಸರಹಳ್ಳಿಯ ಮೆಟ್ರೋ ನಿಲ್ದಾಣದ ಕೆಳಗೆ ಸಿಕ್ಕಳು. ಹಾಲಿನಲ್ಲಿ ಕೂರಲು ಬಿಡುತ್ತಾರೆಯೇ ಎಂದು ಕೇಳಿದೆ.

"ಸೆಕೆಂಡ್ ಬ್ಯಾಚಿನ್ಯಾಗ ಕುಂಡ್ರತೀವ್ರಿ ಅಕ್ಕೋರ. ನಾವು ಒಳಗ ಹೋದಕೂಡ್ಲೆ ಫ್ಯಾನ್ ಬಂದ್ ಮಾಡಸ್ತಾನ ಆ ಮ್ಯಾನೇಜರ ಭಾಡ್ಯಾ."

"ನೀವೇನು ಮಾಡುತ್ತೀರಿ?"

"ನಾ ಎದ್ದು ಹಾಕ್ತೀನಿ. ಮತ್ತ ಬಂದ್ ಮಾಡಸ್ತಾನ. ಮತ್ತ ಹಾಕ್ತೀನಿ," ಎಂದು ಬಸ್ಸಿನತ್ತ ನಡೆದಳು.