ಮಿನ್ನಾಳಿಗೊಂದು ವೇಳಾಪಟ್ಟಿ

ಮೂವತ್ತಮೂರು ವರ್ಷ ಲೈಪ್ಸಿಗ್‌ನಲ್ಲಿ ಟ್ರಾಮ್ ಓಡಿಸಿ ನಿವೃತ್ತನಾದ ಗೆರ್ನೋಟ್ ಪಾಲ್ಕೆಗೆ ಒಂದು ನಿಮಿಷ ಮುಂಚೆ ಹೊರಡುವುದೂ ತಪ್ಪು, ಒಂದು ನಿಮಿಷ ತಡವಾಗುವುದೂ ತಪ್ಪು. ಹಾಗಾಗಿ ಮನೆಗೆ ಬಂದ ನಾಯಿಮರಿಗೂ ವೇಳಾಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಆರು ಹತ್ತಕ್ಕೆ ಹೊರಗೆ, ಆರೂವರೆಗೆ ಊಟ, ಏಳಕ್ಕೆ ಮತ್ತೆ ಹೊರಗೆ, ಒಂದರಿಂದ ಮೂರು ನಿದ್ದೆ. ಮಿನ್ನಾ ಎಂಬ ಆ ಮೋಟುಗಾಲಿನ ಮರಿ ಫ್ರಿಜ್ಜಿನ ಕಡೆ ನೋಡುತ್ತಿದ್ದದ್ದು ಒಳಗೆ ಸಾಸೇಜ್ ಇದೆಯೆಂದು ಮಾತ್ರ.

ಮರಿ ಬೇಕೆಂದವಳು ಹೆಂಡತಿ ಹೈಡ್ರುನ್. ಮದುವೆಯಾದಾಗಿನಿಂದ ಕೇಳುತ್ತಿದ್ದಳು, ಅವನು ಮುಂದೂಡುತ್ತಲೇ ಬಂದಿದ್ದ. ಈಗಲೂ ಕಟ್ಟಡದ ಮ್ಯಾನೇಜರ್ ಒಪ್ಪಿದ್ದು ಒಂದು ತಿಂಗಳ ಮಟ್ಟಿಗೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಅಲ್ಲಿ ಯಾರೂ ಸದ್ದು ಮಾಡುವ ಹಾಗಿಲ್ಲ. ಗೋಡೆಗೆ ಮೊಳೆ ಹೊಡೆಯುವವನೂ ಸುತ್ತಿಗೆ ಕೆಳಗಿಡಬೇಕು. ಆ ಹೊತ್ತಿನಲ್ಲಿ ಮೇಲಿನಿಂದ ಕೇಳಿದ್ದನ್ನೆಲ್ಲ ಕೆಳಮನೆಯ ಶ್ರೀಮತಿ ಕೂನರ್ಟ್ ಗಂಟೆ, ನಿಮಿಷ ಸಮೇತ ಬರೆದಿಡಬೇಕು. ಮರಿ ಇರಬೇಕೋ ಹೋಗಬೇಕೋ ಎಂಬುದು ಆ ಪಟ್ಟಿಯ ಮೇಲೆ. ಹೈಡ್ರುನ್ ಬೇಕರಿ ಕೆಲಸ ಮುಗಿಸಿ ಬರುವಾಗ ಮೂರಾಗುತ್ತಿತ್ತು. ಅಂದರೆ ಆ ಎರಡು ಗಂಟೆ ಪೂರ್ತಿ ಗೆರ್ನೋಟನ ತಲೆಯ ಮೇಲೆ.

ಬೆಳಿಗ್ಗೆ ಮರಿಯನ್ನು ಎತ್ತಿಕೊಂಡು ನಲವತ್ತೆಂಟು ಮೆಟ್ಟಿಲು ಇಳಿಯಬೇಕು. ನವೆಂಬರ್ ಜಡಿಮಳೆಯಲ್ಲಿ ಇಪ್ಪತ್ತು ನಿಮಿಷ ನಿಲ್ಲಬೇಕು. ಮಿನ್ನಾ ಬಿದ್ದ ಎಲೆಗಳನ್ನು ಒಂದೊಂದಾಗಿ ಮೂಸುತ್ತಿತ್ತು, ಮಾಡಬೇಕಾದದ್ದೊಂದನ್ನು ಬಿಟ್ಟು. ಮತ್ತೆ ನಲವತ್ತೆಂಟು ಮೆಟ್ಟಿಲು ಹತ್ತಿ ಕೆಳಗಿಟ್ಟರೆ ನೆಲಹಾಸಿನ ನಟ್ಟನಡುವೆ ಕುಳಿತು ಆರಾಮಾಗಿ ಮುಗಿಸುತ್ತಿತ್ತು.

"ಈಗ ತಾನೇ ಹೋಗಿದ್ವಲ್ಲೇ! ಅಲ್ಲೇನು ಜಾಗ ಇರ್ಲಿಲ್ವಾ ನಿಂಗೆ?"

ಮಿನ್ನಾ ಬಾಲ ಅಲ್ಲಾಡಿಸಿತು. ಅವನಿಗೆ ಮೈ ಪರಚಿಕೊಳ್ಳುವಂತಾಯಿತು.

ಮಧ್ಯಾಹ್ನದ ಕಥೆ ಇನ್ನೂ ಕೆಟ್ಟದ್ದು. ಸರಿಯಾಗಿ ಒಂದಕ್ಕೆ ಬುಟ್ಟಿಯಲ್ಲಿ ಮಲಗಿಸುತ್ತಿದ್ದ. ವಾರದಲ್ಲಿ ನಾಲ್ಕೈದು ದಿನ ಒಂದೂ ಐದಕ್ಕೆ ಅದು ಎದ್ದು "ವವ್" ಎನ್ನುತ್ತಿತ್ತು. "ಸುಮ್ನಿರು!" ಎಂದು ಇವನು. ಕೆಳಗೆ ಪೆನ್ನು ಹಿಡಿದ ಹೆಂಗಸು ನೆನಪಾಗಿ ಗಾಬರಿಗೆ ಇನ್ನಷ್ಟು ಕೂಗುತ್ತಿದ್ದ.

"ಹನ್ನೊಂದು ವಾರದ ಕೂಸು ಅದು," ಎಂದು ಒಂದು ಸಂಜೆ ಹೈಡ್ರುನ್ ರೇಗಿದಳು. "ಆ ವಯಸ್ಸಲ್ಲಿ ನೀನೇನು ಗಡಿಯಾರ ನೋಡ್ಕೊಂಡು ಉಚ್ಚೆ ಹೊಯ್ತಿದ್ದೆಯಾ?"

"ಶಿಸ್ತು ಬೇಡ್ವಾ? ನಾಳೆ ಅದನ್ನ ವಾಪಸ್ ಕೊಡು ಅಂದ್ರೆ ಅಳೋಳು ನೀನೇ!"

ಅದು ನಿಜವಾಗಿತ್ತು. ಅವಳು ಮರಿಯನ್ನು ಮಡಿಲಿಗೆ ಎಳೆದುಕೊಂಡಳು.

ಆ ಒಂದು ತಿಂಗಳ ಕೊನೆಯ ದಿನ, ಮೂರು ಗಂಟೆ ಒಂದು ನಿಮಿಷಕ್ಕೆ ಬಾಗಿಲ ಗಂಟೆ ಬಡಿಯಿತು. ನೋಟ್‌ಬುಕ್ ಹಿಡಿದು ಶ್ರೀಮತಿ ಕೂನರ್ಟ್ ನಿಂತಿದ್ದಳು. ಈಗಷ್ಟೇ ಬಂದಿದ್ದ ಹೈಡ್ರುನ್ ಕೋಟು ಕೂಡ ಬಿಚ್ಚದೆ ಮರಿಯನ್ನು ಎತ್ತಿ ಅವುಚಿಕೊಂಡಳು.

"ನಾಳೆ ಮ್ಯಾನೇಜರಿಗೆ ಕೊಡ್ಬೇಕು," ಎಂದಳು ಕೂನರ್ಟ್. "ಬೆನ್ನ ಹಿಂದೆ ಬರೆದುಕೊಟ್ಲು ಅನ್ನಿಸ್ಕೊಳ್ಳೋದು ನಂಗಿಷ್ಟ ಇಲ್ಲ. ನಿಮ್ಮೆದುರೇ ಓದ್ತೀನಿ." ಕನ್ನಡಕ ಏರಿಸಿದಳು. "ಹದಿನಾಲ್ಕನೇ ತಾರೀಕು. ಒಂದೂ ಐದು, ನಾಯಿ, ಒಂದು ಸಲ. ಒಂದೂ ಆರು, ಗಂಡಸು, 'ಸುಮ್ನಿರು'. ಒಂದೂ ಏಳು, ಗಂಡಸು, 'ಸುಮ್ನಿರು ಅಂದ್ನಲ್ಲಾ'. ಒಂದೂ ಒಂಬತ್ತು, ಗಂಡಸು, 'ಅಯ್ಯೋ ನನ್ನ ಚಪ್ಪಲಿ'..."

ಹೀಗೇ ಪುಟ ಮಗುಚುತ್ತಾ ಹೋದಳು. ಗೆರ್ನೋಟನ ಕಿವಿ ಕೆಂಪಾದವು.

"ಒಟ್ಟು, ನಾಯಿ ಹತ್ತೊಂಬತ್ತು. ಗಂಡಸು ಇನ್ನೂರ ಆರು." ನೋಟ್‌ಬುಕ್ ಮುಚ್ಚಿದಳು. "ನಾಯಿ ಬಗ್ಗೆ ನನ್ನ ತಕರಾರಿಲ್ಲ ಅಂತ ಬರೀತೀನಿ. ನಿಮ್ಮನ್ನ ಮಾತ್ರ ಪಾಲ್ಕೆಯವರೇ, ಇನ್ನೊಂದು ತಿಂಗಳು ನೋಡ್ಬೇಕು."

ಹೈಡ್ರುನ್ ನಗುತ್ತಾಳೆಂದುಕೊಂಡ. ಅವಳು ನಗಲಿಲ್ಲ, ಗೊತ್ತಿದ್ದದ್ದನ್ನೇ ಕೇಳಿದವಳ ಹಾಗೆ ನಿಂತಿದ್ದಳು. ಅದು ಅವನಿಗೆ ಚೆನ್ನಾಗಿ ನಾಟಿತು. ಅವಳು ಮರಿಯನ್ನು ಕೆಳಗಿಟ್ಟಳು. ಅದು ನೇರ ಬಂದು ಅವನ ಕಾಲ್ಚೀಲದ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದಿತು.

ಪಿತ್ತ ನೆತ್ತಿಗೇರಿ ಬಾಯಿ ತೆರೆದ. ಇಬ್ಬರು ಹೆಂಗಸರೂ ಅವನ ಬಾಯನ್ನೇ ನೋಡುತ್ತಿದ್ದರು, ಮರಿಯೂ. ಬಂದ ಕೂಗನ್ನು ನುಂಗಿಕೊಂಡ.

"ಒರೆಸೋ ಬಟ್ಟೆ ಎಲ್ಲಿದೆ?" ಎಂದ ಮೆಲ್ಲಗೆ.

"ಏನಂದೆ?" ಎಂದಳು ಹೈಡ್ರುನ್. "ಕೇಳಿಸ್ಲಿಲ್ಲ."