ಹಸಿವು ಸಾಯಿಸುವ ಪುಡಿ

ಶಹಾಬಾದಿನ ಹೊರಗೆ, ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳ ಹಿಂದಿನ ಓಣಿಯಲ್ಲಿ ನನ್ನ ಅಂಗನವಾಡಿ. ಒಂದು ಬೇಸಿಗೆಯಲ್ಲಿ, ಐನಾಪುರದಿಂದ ಗಂಡನ ಜೊತೆ ಕಲ್ಲಿನ ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬಳು ಹೆಸರು ಬರೆಸಲು ಬಂದಳು. ಏಳು ತಿಂಗಳ ಬಸುರಿ. ತೋಳು ನನ್ನ ಮುಂಗೈಯಷ್ಟೂ ದಪ್ಪ ಇರಲಿಲ್ಲ. ಬಾಯಿ ತೆರೆದರೆ ವಸಡು ಕಪ್ಪು. ಮಿಶ್ರಿ ತಿಕ್ಕುತ್ತಾಳೆಂದು ತಕ್ಷಣ ಗೊತ್ತಾಯಿತು. ತಂಬಾಕು ಹುರಿದು ಪುಡಿ ಮಾಡಿ ವಸಡಿಗೆ ತಿಕ್ಕುವ ಈ ಚಟ, ನಮ್ಮ ಕಡೆಯ ಹೆಂಗಸರಲ್ಲಿ ಹಲ್ಲುಜ್ಜುವ ನೆಪದಲ್ಲೇ ಶುರುವಾಗುತ್ತದೆ.

“ದಿನಕ್ಕ ಎಷ್ಟು ಸಲ ತಿಕ್ತೀ?” ಎಂದೆ.

“ನಾಕೈದು ಸಲ ರಿ. ತಿಕ್ಕಿದ್ರ ಕೈಗಿ ಹುರುಪು ಬರ್ತದ, ಹಸಿವಿ ಆಗಂಗಿಲ್ಲ. ಮನ್ಯಾಗ ಇನ್ನೂ ಎರಡು ಮಕ್ಕಳವ. ಅವು ಉಂಡ್ರ ಸಾಕು.”

ತರಬೇತಿಯಲ್ಲಿ ಕೇಳಿದ್ದನ್ನೆಲ್ಲ ಒಪ್ಪಿಸತೊಡಗಿದೆ. ಕೂಸಿನ ಮೆದುಳು ಹೊಟ್ಟೆಯಲ್ಲೇ ಬೆಳೆಯುತ್ತದೆ, ತಂಬಾಕು ಬಿಡಬೇಕು, ಮೊಟ್ಟೆ ತಿನ್ನಬೇಕು. ಅವಳು ಕೊನೆತನಕ ಕೇಳಿದಳು. ಆಮೇಲೆ ದನಿ ತಗ್ಗಿಸಿ, “ಅಕ್ಕೋರ, ನಿಮ್ಮ ಬಾಯಾಗೂ ಅದೇ ವಾಸನಿ ಬರ್ಲಿಕತ್ತದಲ್ರಿ,” ಎಂದಳು.

ನಿಜ. ಚಿತ್ತಾಪುರದ ತವರಿನಲ್ಲಿದ್ದಾಗ, ಹದಿನಾರನೇ ವಯಸ್ಸಿಗೆ ಹಿಡಿದ ಚಟ ನನಗೂ ಇನ್ನೂ ಬಿಟ್ಟಿರಲಿಲ್ಲ. ಮುಂದೆ ಅವಳು ಬಂದಾಗಲೆಲ್ಲ ಮೊಟ್ಟೆ ಕೊಟ್ಟೆ, ಶೇಂಗಾ ಚಿಕ್ಕಿ ಕೊಟ್ಟೆ. ಮಿಶ್ರಿಯ ಮಾತು ಎತ್ತಲಿಲ್ಲ. ಕೊಟ್ಟಿದ್ದನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುತ್ತಿದ್ದಳು. ಯಾರು ತಿಂದರೆಂದು ನಾನು ಕೇಳಲೂ ಇಲ್ಲ.

ದಿನ ತುಂಬುವ ಮೊದಲೇ ಹೆಣ್ಣು ಕೂಸು ಹುಟ್ಟಿತು. ನಾಲ್ಕನೇ ತಿಂಗಳಲ್ಲಿ ತೂಗಲು ಅವಳ ಮನೆಗೆ ಹೋದೆ. ಗಿಲಕಿ ಆಡಿಸಿದೆ, ಕಣ್ಣು ತಿರುಗಲಿಲ್ಲ. ಚಪ್ಪಾಳೆ ತಟ್ಟಿದೆ, ಬೆಚ್ಚಲಿಲ್ಲ. ತಲೆಯ ಸುತ್ತಳತೆ ತೆಗೆದೆ. ಟೇಪು ಜಾರಿರಬೇಕೆಂದು ಮತ್ತೊಮ್ಮೆ, ಮಗದೊಮ್ಮೆ ಅಳೆದೆ. ಸಣ್ಣದೇ ಬಂತು. ತಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಭಾಳ ಶಾಣ್ಯಾ ಕೂಸು ರಿ, ಅಳಂಗೇ ಇಲ್ಲ,” ಎಂದಳು.

ಈಗಲೇ ದೊಡ್ಡಾಸ್ಪತ್ರೆಗೆ ಹೊರಡಬೇಕೆಂದೆ. ಗಂಡ ಅಡ್ಡ ನಿಂತ. “ಕೆಲಸ ಬಿಟ್ಟು ದವಾಖಾನ್ಯಾಗ ಕುಂದ್ರೋದು ಹ್ಯಾಂಗ್ರಿ? ಊರಿಗಿ ಒಯ್ದು ನಮ್ಮವ್ವನ ಕಡಿ ಬಿಡ್ತೀನಿ.”

ವಾದಿಸುತ್ತ ನಿಂತರೆ ಬಸ್ಸು ತಪ್ಪುತ್ತಿತ್ತು. ಕೂಸನ್ನು ನಾನೇ ಎತ್ತಿಕೊಂಡು ನಡೆದೆ. ಅವಳು ಹಿಂದೆ ಓಡಿ ಬಂದಳು. ಬಸ್ಸಿನಲ್ಲಿ ಕೂಸು ಮೊಲೆ ಹಿಡಿಯಲಿಲ್ಲ. ಕಲಬುರಗಿ ಮುಟ್ಟುವವರೆಗೆ ಅದರ ಎದೆ ಏರಿಳಿಯುತ್ತಿದೆಯೇ ಎಂದು ಇಬ್ಬರೂ ನೋಡುತ್ತ ಕುಳಿತೆವು.

ಕೂಸನ್ನು ಪರೀಕ್ಷಿಸಿದ ಡಾಕ್ಟರಮ್ಮ ತಾಯಿಯ ವಸಡನ್ನೂ ನೋಡಿದರು. “ತಂಬಾಕಿನ್ಯಾಗ ನಿಕೋಟಿನ್ ಅಂತ ಉತ್ತೇಜಕ ಇರ್ತದವ್ವ. ನಿನಗ ಹುರುಪು ಕೊಡ್ತದ, ಹೊಟ್ಟ್ಯಾಗಿನ ಕೂಸಿಗಿ ಹೋಗೋ ರಕ್ತ ಕಡಿಮಿ ಮಾಡ್ತದ. ಕೂಸಿನ ಮೆದುಳಿಗೂ ಮುಟ್ಟತದ. ಮ್ಯಾಲ ನೀನು ಉಂಡೇ ಇಲ್ಲ. ಮೆದುಳು ಬೆಳೀಲಾಕ ಬೇಕಾದ್ದು ಸಿಕ್ಕಿಲ್ಲ.”

“ಯಾವುದ್ರಿಂದ ಹಿಂಗಾತ್ರಿ?” ತಾಯಿ ಕೇಳಿದಳು.

“ಬ್ಯಾರೆ ಬ್ಯಾರೆ ಮಾಡಿ ಹೇಳಾಕಾಗಂಗಿಲ್ಲ. ಆದ್ರ ಎರಡು ವರ್ಷದ ತನಕ ಮೆದುಳು ಭಾಳ ಜಲ್ದಿ ಬೆಳೀತದ. ಇನ್ನ ತಡಾ ಮಾಡಬ್ಯಾಡ್ರಿ.”

ಕೂಸನ್ನು ಅಲ್ಲೇ ಸೇರಿಸಿಕೊಂಡರು. ವಾರ್ಡಿನ ಹೊರಗಿನ ಕಟ್ಟೆಯ ಮೇಲೆ ಕುಳಿತಾಗ ಅವಳು ಅಳಲಿಲ್ಲ. “ನೀವು ಅವತ್ತ ಗಟ್ಟಿ ಬೈದಿದ್ರ ಬಿಡ್ತಿದ್ದೆನೋ ಏನೋ,” ಎಂದಳು. ನಾನು ಅವಳ ಕಡೆ ತಿರುಗಿ, “ನಾನೂ ಬಿಡ್ತೀನಿ. ಇಬ್ರೂ ಕೂಡಿ ಬಿಡೋಣು,” ಎಂದೆ.

ಬಿಡುವುದು ಸುಲಭವಾಗಲಿಲ್ಲ. ತಲೆ ಸಿಡಿಯುತ್ತಿತ್ತು. ಅಂಗನವಾಡಿಯ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದೆ. ಅವಳು ಎರಡು ಸಲ ಮತ್ತೆ ಹಿಡಿದಳು, ನಾನು ಒಂದು ಸಲ. ಒಬ್ಬರಿಗೊಬ್ಬರು ಹೇಳಿಕೊಂಡು ಮತ್ತೆ ಬಿಟ್ಟೆವು. ಮೊಟ್ಟೆಯನ್ನು ನನ್ನೆದುರೇ ಕುಳಿತು ತಿನ್ನಬೇಕೆಂದು ಹಟ ಹಿಡಿದೆ.

ಕೂಸು ನಿಧಾನವಾಗಿ ಮೈ ಹಿಡಿಯಿತು. ಎರಡು ವರ್ಷ ದಾಟಿದ ಮೇಲೆ ನಡೆಯಿತು. ಈಗ ಆ ಹುಡುಗಿ ನನ್ನ ಅಂಗನವಾಡಿಗೇ ಬರುತ್ತಾಳೆ. ಆಡುವ ಮಾತು ಐದಾರೇ. ಉಳಿದ ಮಕ್ಕಳು ಕೈ ಎತ್ತಿ ಕುಣಿದು ಹಾಡು ಮುಗಿಸಿ ಕುಳಿತ ಮೇಲೆ ಅವಳ ಕೈ ಮೇಲೇಳುತ್ತದೆ.

ಮೊನ್ನೆ ತಾಯಿ ಬಾಗಿಲಲ್ಲಿ ನಿಂತು ಕೇಳಿದಳು: “ಅಕ್ಕೋರ, ಮುಂದ ಸಾಲಿ ಕಲೀತಾಳೇನ್ರಿ?”

“ಗೊತ್ತಿಲ್ಲವ್ವ. ನಾಳಿ ಹತ್ತಕ್ಕ ಕಳಸು.”

ಮರುದಿನ ಒಂಬತ್ತೂವರೆಗೇ ತಂದು ಬಿಟ್ಟಳು.