ಬೈಕಿನ ಬ್ಯಾಟರಿಯ ಮೇಲೆ ಓಡಿದ ಪರೀಕ್ಷೆ

ಗರ್ಭಕೊರಳಿನ ಕ್ಯಾನ್ಸರಿನ ಸುಳಿವನ್ನು ಮೊದಲೇ ಹಿಡಿಯುವ ಅಗ್ಗದ ಪರೀಕ್ಷೆಯೊಂದನ್ನು ನಾವು ಮೂವರು ಎಂಜಿನಿಯರ್ ಗೆಳತಿಯರು ಸೇರಿ ಮಾಡಿದ್ದೆವು. ಹೆಂಗಸರು ಮರೆಯಲ್ಲಿ ತಾವೇ ಮಾದರಿ ತೆಗೆದುಕೊಟ್ಟರೆ ಸಾಕು. ಅದನ್ನು ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಒಂದು ಗಂಟೆ ಬಿಸಿಯಾಗಿಟ್ಟು ಕಾಗದದ ಪಟ್ಟಿಗೆ ಹಾಕಿದರೆ, ರೋಗ ತರುವ ವೈರಸ್ ಇದ್ದಲ್ಲಿ ಎರಡು ಗೆರೆ ಮೂಡುತ್ತವೆ.

ಕಾನಹೊಸಹಳ್ಳಿಯ ಮೊದಲ ಶಿಬಿರದಲ್ಲೇ ಕರೆಂಟು ಹೋಯಿತು. ಪೆಟ್ಟಿಗೆ ತಣ್ಣಗಾಗಿ ಬೆಳಗಿನ ಮಾದರಿಗಳೆಲ್ಲ ಹಾಳಾದವು. ಅಷ್ಟು ದೂರದಿಂದ ಬಂದ ಹೆಂಗಸರನ್ನು ವಾಪಸು ಕಳಿಸುವಾಗ ನನಗೆ ಅಳುವೇ ಬಂತು. ಅಲ್ಲಿನ ನರ್ಸ್ ಕೂಡ್ಲಿಗಿಯ ಒಬ್ಬ ಮೆಕ್ಯಾನಿಕ್ ಸಾಹೇಬರ ಹತ್ತಿರ ಹೋಗಲು ಹೇಳಿದರು.

ಸಾಹೇಬರು ಪೆಟ್ಟಿಗೆಯನ್ನೂ ಅದರ ಪ್ಲಗ್ಗನ್ನೂ ತಿರುಗಿಸಿ ನೋಡಿ ನಕ್ಕರು. “ಇದನ್ನ ಗ್ವಾಡಿಗೆ ಯಾಕ ಕಟ್ಟಿ ಹಾಕೀರಿ? ಬೈಕಿನ ಬ್ಯಾಟ್ರಿ ಮ್ಯಾಲ ಓಡಸೋಣ ಬರ್ರಿ.”

ಎರಡು ದಿನ ಅವರ ಗ್ಯಾರೇಜೇ ನನ್ನ ಪ್ರಯೋಗಾಲಯ. ನಾನು ಸರ್ಕ್ಯೂಟ್ ಬದಲಿಸಿದೆ. ಬಿಸಿ ಸೋರದಂತೆ ಅವರು ಹಳೆಯ ಸೀಟಿನ ಸ್ಪಂಜು ಕತ್ತರಿಸಿ ಒಳಗೆ ಹೊದಿಸಿದರು. ಚಹಾ ತಂದ ಅವರ ಹೆಂಡತಿ ವಿಷಯವೆಲ್ಲ ಕೇಳಿ, “ಹಂಗಾರ ಮೊದ್ಲು ನಂದ ನೋಡ್ರಿ” ಎಂದರು.

ಬೈಕಿನ ಬ್ಯಾಟರಿಯ ಮೇಲೆ ಒಂದು ಗಂಟೆ ಬಿಸಿಯಾಗಿಟ್ಟ ಆಕೆಯ ಮಾದರಿಗೆ ಎರಡು ಗೆರೆ ಮೂಡಿದವು. ಆಕೆ ಪಟ್ಟಿಯನ್ನು ನೋಡಿ, “ಅಯ್ಯ, ಈ ವಯಸ್ಸಿನ್ಯಾಗ ಬಸಿರೇನ್ರಿ!” ಎಂದು ಗಂಡನತ್ತ ತಿರುಗಿದರು. ನಗುತ್ತಲೇ ಇದ್ದವರಿಗೆ ನಾನು ನಿಧಾನವಾಗಿ ಹೇಳಿದೆ: ಇದು ಕ್ಯಾನ್ಸರ್ ಅಂತಲ್ಲ, ಆದರೆ ಡಾಕ್ಟರು ನೋಡಲೇಬೇಕು. ಸಾಹೇಬರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಅಂಗಡಿಯ ಷಟರ್ ಎಳೆದೇಬಿಟ್ಟರು.

ಆಸ್ಪತ್ರೆಯಲ್ಲಿ ಡಾಕ್ಟರಿಗೆ ಸಣ್ಣದೊಂದು ಕಲೆ ಕಂಡಿತು. ಮುಂದೆಂದೋ ಕ್ಯಾನ್ಸರ್ ಆಗಬಹುದಾಗಿದ್ದ ಅದನ್ನು ಅಂದೇ, ಕೆಲವೇ ನಿಮಿಷಗಳಲ್ಲಿ ಸುಟ್ಟು ತೆಗೆದರು. “ಇಷ್ಟೇನಾ?” ಎಂದು ಆಕೆ ನಡೆದುಕೊಂಡೇ ಹೊರಗೆ ಬಂದಾಗ ನಾನು ಅಪ್ಪಿಕೊಂಡೆ. ಸಾಹೇಬರು ಗೋಡೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡರು.

ಮುಂದಿನ ಶಿಬಿರಕ್ಕೆ ಆಕೆ ತಮ್ಮ ಓಣಿಯ ಹೆಂಗಸರನ್ನು ಬಸ್ಸು ಹತ್ತಿಸಿಕೊಂಡು ಬಂದರು. ಬಾಗಿಲಲ್ಲಿ ಹಿಂಜರಿಯುತ್ತಿದ್ದ ಕುರಿಗಾಹಿ ಮನೆತನದ ಅಜ್ಜಿಯೊಬ್ಬರ ಕೈ ಹಿಡಿದು, “ನಂದು ನೋಡ್ಯಾರ, ಸುಟ್ಟೂ ಹಾಕ್ಯಾರ. ಆರಾಮದೀನಿ, ನೋಡು! ನೀ ಒಳಗ ನಡಿ ಯವ್ವಾ, ನಾ ಇಲ್ಲೇ ನಿಂತಿರ್ತೀನಿ” ಎಂದರು.

ಅಜ್ಜಿ ಸೆರಗು ಸರಿಪಡಿಸಿಕೊಂಡು ಒಳಗೆ ಹೋದರು.